ತುಂಗಭದ್ರೆಯಲ್ಲಿ ಒಬ್ಬನೇ ಹುಟ್ಟು ಹಾಕಿದ್ದು

ನಮ್ಮ ಕಾಲೇಜಿನಲ್ಲಿ ಉಕ್ಕಡಗಾತ್ರಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಅಮಾವಾಸ್ಯೆ ಬಂತೆಂದರೆ ಆ ಕಡೆ ಹೋಗುವ ಬಸ್ಸುಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಾರಣಕ್ಕೆ ಆ ಊರಿನ ಹೆಸರು ಪೇಪರಿನಲ್ಲಿ ಬರುತ್ತದೆ. ಹೊಳೆ ತುಂಬಿದರೆ ಫತ್ತೇಪುರದ ಕಡೆಯ ರಸ್ತೆ ಮುಳುಗುತ್ತದೆ, ಸ್ನಾನಘಟ್ಟವೂ ನೀರಿನೊಳಗೆ ಹೋಗುತ್ತದೆ. ನನಗೆ ಅದು ಅಮ್ಮಿಯ ತವರು. ನಾನು ತೆಪ್ಪ ನಡೆಸಲು ಕಲಿತ ಊರೂ ಅದೇ.

ತೆಪ್ಪವನ್ನು ಎಲ್ಲರೂ ನೋಡಿರುತ್ತೀರಿ. ದೊಡ್ಡ ಬುಟ್ಟಿಯ ಹಾಗೆ ದುಂಡಗೆ ಇರುತ್ತದೆ. ಬಿದಿರಿನ ದಬ್ಬೆಗಳನ್ನು ಹೆಣೆದು, ಹೊರಗಡೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೀರು ಒಳಗೆ ಬರದಂತೆ ಡಾಂಬರು ಬಳಿಯುತ್ತಾರೆ. ಹಿಂದೆ ಪ್ಲಾಸ್ಟಿಕ್ ಬದಲು ತೊಗಲು ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿಯ ಹತ್ತಿರ ಇದೇ ತುಂಗಭದ್ರೆಯನ್ನು ಜನ ದಾಟುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳು. ಒಂದೊಂದರಲ್ಲಿ 15ರಿಂದ 20 ಜನ ಹಿಡಿಯುತ್ತಾರೆ. ಅವು ಬೇರೆ ದೋಣಿಗಳ ಹಾಗೆ ನೇರ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು ಅವನು ಹೇಳುತ್ತಾನೆ. 500 ವರ್ಷ ಆದರೂ ಆ ಸುತ್ತುವ ಗುಣ ಹೋಗಿಲ್ಲ. ಮೊದಲ ದಿನ ನಾನು ಹುಟ್ಟು ಹಿಡಿದಾಗ ತೆಪ್ಪ ಗಿರಗಿರ ಸುತ್ತಿತೇ ಹೊರತು ಒಂದು ಮಾರೂ ಮುಂದೆ ಹೋಗಲಿಲ್ಲ.

ನನಗೆ ಕಲಿಸಿದವರು ನಾನಾನ ಗೆಳೆಯರಾದ ಅಂಬಿಗರ ಅಜ್ಜ. ಅವರು ಮೀನು ಹಿಡಿಯುವವರು. "ತಮ್ಮಾ, ಇದಕ್ಕೆ ಮುಂದು ಹಿಂದು ಅಂತ ಇಲ್ಲ. ನೀನು ಎತ್ತ ಮಕ ಮಾಡಿ ಕುಂತಿರ್ತೀಯೋ ಅದೇ ಮುಂದು" ಎಂದರು. ಉಳಿದ ದೋಣಿಗಳಲ್ಲಿ ನೀರನ್ನು ಹಿಂದಕ್ಕೆ ತಳ್ಳುತ್ತಾ ಪಕ್ಕದಲ್ಲಿ ಹುಟ್ಟು ಹಾಕುತ್ತಾರೆ. ತೆಪ್ಪದಲ್ಲಿ ಹಾಗೆ ಮಾಡಿದರೆ ಅದು ಸುತ್ತುತ್ತದೆ. ಹೋಗಬೇಕಾದ ಕಡೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹುಟ್ಟನ್ನು ಎದುರಿಗೆ ಚಾಚಿ ಮುಳುಗಿಸಿ, ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಒಮ್ಮೆ ಸ್ವಲ್ಪ ಎಡಕ್ಕೆ, ಒಮ್ಮೆ ಸ್ವಲ್ಪ ಬಲಕ್ಕೆ. ಒಬ್ಬರೇ ಇದ್ದರೆ ಕೂತ ಕಡೆ ತೆಪ್ಪ ತಗ್ಗುತ್ತದೆ, ಹಿಂದಿನ ಅಂಚು ಮೇಲೇಳುತ್ತದೆ. ಅಜ್ಜನಿಗೆ ಬಲೆಯ ಗಂಟೇ ಹಿಂದಿನ ಭಾರ. ನನಗಾಗಿ ಅವರು ಒಂದು ಚೀಲದಲ್ಲಿ ಹಸಿ ಮರಳು ತುಂಬಿ ಇಟ್ಟರು.

ಕಲಿಯುವುದಕ್ಕಿಂತ ಅಮ್ಮಿಯನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ನಾನು ಹುಟ್ಟುವ ಮೊದಲೇ ಅಮ್ಮಿಯ ಚಿಕ್ಕಪ್ಪನ ಮಗ ಇದೇ ಹೊಳೆಯಲ್ಲಿ ತೀರಿಕೊಂಡಿದ್ದರು. ಮರಳು ತೆಗೆದ ಜಾಗದಲ್ಲಿ ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ತಲೆ ಮೇಲೆ ಹೋಗುತ್ತದೆ. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಅಮ್ಮಿ ನನ್ನನ್ನು ಘಟ್ಟದ ಮೆಟ್ಟಿಲು ದಾಟಿ ಇಳಿಯಲು ಬಿಟ್ಟವರಲ್ಲ. ಕೊನೆಗೆ ನಾನಾ ಮಧ್ಯೆ ಬಂದು ಮೂರು ಷರತ್ತು ಹಾಕಿದರು. ಬಟ್ಟೆ ಹಾಕಿಕೊಂಡೇ ಈಜಿ ದಡ ಸೇರಬೇಕು. ಲೈಫ್ ಜಾಕೆಟ್ ಹಾಕದೆ ತೆಪ್ಪ ಹತ್ತಬಾರದು. ಅಂಬಿಗರ ಅಜ್ಜ ಹೂಂ ಅನ್ನುವ ತನಕ ಒಬ್ಬನೇ ಹೋಗಬಾರದು. ಜಾಕೆಟ್ ಅನ್ನು ಅವರೇ ದಾವಣಗೆರೆಯಿಂದ ತಂದರು. ಅಜ್ಜ ಹೂಂ ಅನ್ನಲು ಎರಡು ಬೇಸಿಗೆ ರಜೆ ಹಿಡಿಯಿತು.

ಆ ಎರಡು ರಜೆಗಳ ನಡುವೆ ಒಂದು ಸುದ್ದಿ ನನ್ನ ಆಸೆಯನ್ನು ಹೆಚ್ಚಿಸಿತ್ತು. 2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಹಾಯಿದೋಣಿ ಸ್ಪರ್ಧೆಯಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದರು. ಆಗ ಅವರಿಗೆ 17 ವರ್ಷ, ಈಗಿನ ನನ್ನ ವಯಸ್ಸು. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು, ದೋಣಿ ಕಲಿತದ್ದು ಭೋಪಾಲಿನ ಕೆರೆಯಲ್ಲಿ. ಅದೇ ದಿನ ಈಬಾದ್ ಅಲಿ ವಿಂಡ್‌ಸರ್ಫಿಂಗ್‌ನಲ್ಲಿ ಕಂಚು ಗೆದ್ದರು. ನೇಹಾ ನಡೆಸಿದ ಐಎಲ್‌ಸಿಎ 4 ಎಂಬ ದೋಣಿಯ ಉದ್ದ ಸುಮಾರು 4.2 ಮೀಟರ್, ಅದರಲ್ಲಿ ಒಬ್ಬರೇ ಇರುತ್ತಾರೆ. ಹಾಯಿಯ ಹಗ್ಗವನ್ನೂ ಚುಕ್ಕಾಣಿಯನ್ನೂ ಅವರೇ ಹಿಡಿಯಬೇಕು, ದೋಣಿ ವಾಲಿದರೆ ಅಂಚಿನಾಚೆಗೆ ಮೈ ಚಾಚಿ ಸಮತೋಲ ಕಾಯಬೇಕು. ಕೆಳಗೆ ನೀರಿನಲ್ಲಿ ಇಳಿಬಿಟ್ಟ ಒಂದು ಹಲಗೆ, ದೋಣಿ ಗಾಳಿಗೆ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ನಮ್ಮ ತೆಪ್ಪಕ್ಕೆ ಹಾಯಿ, ಚುಕ್ಕಾಣಿ, ಹಲಗೆ ಯಾವುದೂ ಇಲ್ಲ.

ಕಾಮರ್ಸ್ ಓದುವ ನನಗೆ ಆ ಸ್ಪರ್ಧೆಯ ಲೆಕ್ಕ ಬಹಳ ಹಿಡಿಸಿತು. ಅದು ಒಂದೇ ಓಟದಲ್ಲಿ ಮುಗಿಯುವುದಿಲ್ಲ. ನೇಹಾ ಅವರದ್ದು 11 ಓಟ. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹೀಗೆ. ಕಡಿಮೆ ಅಂಕದವರೇ ಗೆದ್ದಂತೆ. ಎಲ್ಲಕ್ಕಿಂತ ಕೆಟ್ಟದಾಗಿ ಮುಗಿದ ಒಂದು ಓಟವನ್ನು ಲೆಕ್ಕದಿಂದ ಬಿಡುತ್ತಾರೆ. ನೇಹಾ ಅವರ ಒಟ್ಟು ಅಂಕ 32. ಕೆಟ್ಟ ಓಟದ 5 ಕಳೆದು ನಿವ್ವಳ 27. ಗಾಳಿ ಯಾರ ಮಾತೂ ಕೇಳದ ಆಟದಲ್ಲಿ ಒಂದು ಕೆಟ್ಟ ದಿನಕ್ಕೆ ಜಾಗ ಕೊಟ್ಟಿರುವುದು ನ್ಯಾಯವೆನಿಸಿತು.

ಊರಿನ ಹುಡುಗರ ಪಂದ್ಯದಲ್ಲಿ ಅಂಥ ರಿಯಾಯಿತಿ ಇಲ್ಲ. ಇರುವುದು ಒಂದೇ ಓಟ. ಕಳೆದ ಬೇಸಿಗೆಯಲ್ಲಿ ಫಸ್ಟ್ ಪಿಯು ಪರೀಕ್ಷೆ ಮುಗಿಸಿ ಹೋದಾಗ ಆರು ತೆಪ್ಪ, ಆರು ಜನ ಸೇರಿದೆವು. ಘಟ್ಟದಿಂದ ಹೊರಟು, ಆಚೆ ದಡದಲ್ಲಿ ನೆಟ್ಟ ಬಾವುಟ ಮುಟ್ಟಿ ವಾಪಸ್ ಬರಬೇಕು. ಜಾಕೆಟ್ ಹಾಕಿದವನು ನಾನೊಬ್ಬನೇ. "ಏನಲೇ, ಸಮುದ್ರಕ್ಕೆ ಹೊಂಟೀಯೇನು?" ಎಂದು ನಕ್ಕರು. ಮೇಲೆ ಘಟ್ಟದಲ್ಲಿ ಅಮ್ಮಿ ನಾನಿಯ ಕೈ ಹಿಡಿದು ನಿಂತಿದ್ದರು.

ಐದು ಜನ ಬಾವುಟಕ್ಕೆ ನೇರವಾಗಿ ಹೊರಟರು. ನಾನು ಅಜ್ಜ ಹೇಳಿಕೊಟ್ಟಂತೆ, ಸೆಳವು ಕಡಿಮೆ ಇರುವ ನಮ್ಮ ದಡದ ಪಕ್ಕದಲ್ಲೇ ಮೊದಲು ಮೇಲಕ್ಕೆ ಹೋದೆ. ನೋಡುವವರಿಗೆ ನಾನು ದಾರಿ ತಪ್ಪಿದಂತೆ ಕಂಡಿರಬೇಕು. ಆಮೇಲೆ ಆಚೆ ದಡದತ್ತ ತಿರುಗಿದೆ. ಪಡುವಣ ಗಾಳಿ ಎದುರಿಗಿತ್ತು, ಭುಜ ಉರಿಯುತ್ತಿತ್ತು. ಆದರೆ ನಾನು ದಾಟುತ್ತಿದ್ದಷ್ಟು ಹೊತ್ತೂ ಹೊಳೆಯೇ ನನ್ನನ್ನು ಬಾವುಟದ ಕಡೆಗೆ ಇಳಿಸುತ್ತಿತ್ತು. ನೇರ ಹೋದವರಲ್ಲಿ ನಾಲ್ವರು ಸೆಳವಿಗೆ ಸಿಕ್ಕಿ ಬಾವುಟದಿಂದ ಕೆಳಗೆ ದಡ ಸೇರಿ, ಮತ್ತೆ ಮೇಲಕ್ಕೆ ಬರಬೇಕಾಯಿತು. ನಾನು ಎರಡನೆಯವನಾಗಿ ಬಾವುಟ ಮುಟ್ಟಿದೆ.

ವಾಪಸ್ ಬರುವಾಗ ನಡು ಹೊಳೆಯಲ್ಲಿ ಹುಟ್ಟು ಭಾರವಾಯಿತು. ನೋಡಿದರೆ ಒಂದು ಸೀರೆ ಸುತ್ತಿಕೊಂಡಿತ್ತು. ಸ್ನಾನ ಮಾಡಿದವರು ಹಳೆ ಬಟ್ಟೆಯನ್ನು ನೀರಿಗೆ ಬಿಡುವುದು ಅಲ್ಲಿ ಬಹಳ. ಆಗ ಎರಡು ದಾರಿ ಇದ್ದವು. ಅಂಚಿನಿಂದ ಬಗ್ಗಿ ಒಂದೇ ಸಲಕ್ಕೆ ಕಿತ್ತುಹಾಕಿದರೆ ಸಮಯ ಉಳಿಯುತ್ತಿತ್ತು. ಜೊತೆಗೊಬ್ಬರಿದ್ದರೆ ಆ ಕಡೆ ಕೂತು ತೂಕ ಹಿಡಿಯುತ್ತಿದ್ದರು. ಒಬ್ಬನೇ ಬಗ್ಗಿದರೆ ತೆಪ್ಪ ಮಗುಚಬಹುದು. "ಏನೇ ಸಿಕ್ಕೊಂಡ್ರೂ ಹುಟ್ಟು ಒಳಗೆ ತಗೋ, ನಡುಮಧ್ಯ ಕುಂತ್ಕೋ, ಆಮೇಲೆ ಬಿಡಿಸು" ಎಂದು ಅಜ್ಜ ನೂರು ಸಲ ಹೇಳಿದ್ದರು. ಹಾಗೇ ಮಾಡಿದೆ. ಒದ್ದೆ ಸೀರೆಯ ಗಂಟು ಬಿಡಿಸುವಷ್ಟರಲ್ಲಿ ತೆಪ್ಪ ಮೂರು ಸುತ್ತು ಸುತ್ತಿತು. ಒಮ್ಮೆ ಘಟ್ಟ ಕಂಡಿತು, ಒಮ್ಮೆ ಬಾವುಟ, ಮತ್ತೆ ಘಟ್ಟ. ಹಿಂದಿದ್ದ ಒಬ್ಬ ನನ್ನನ್ನು ದಾಟಿ ಹೋದ. ನಾನು ಮೂರನೆಯವನಾಗಿ ಮುಗಿಸಿದೆ.

ಅಲ್ಲಿ ನಡು ಹೊಳೆಯಲ್ಲಿ ಕೂತಿದ್ದ ಆ ಎರಡು ನಿಮಿಷ ನನಗೆ ಇಡೀ ಪಂದ್ಯಕ್ಕಿಂತ ದೊಡ್ಡದು. ಘಟ್ಟದಲ್ಲಿ ಕೂಗುತ್ತಿದ್ದವರ ದನಿ ನನ್ನವರೆಗೆ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿಯೂ ನಾವು ಒಬ್ಬರೇ ಬರೆಯುತ್ತೇವೆ ನಿಜ, ಆದರೆ ಅಕ್ಕಪಕ್ಕ ಜನ ಇರುತ್ತಾರೆ, ಮೇಲ್ವಿಚಾರಕರು ಇರುತ್ತಾರೆ. ಇಲ್ಲಿ ಯಾರೂ ಇರಲಿಲ್ಲ, ಎರಡು ಬೇಸಿಗೆ ಕೇಳಿಸಿಕೊಂಡ ಮಾತು ಮಾತ್ರ ಇತ್ತು. ಅಜ್ಜ ಅದೇ ಮಾತನ್ನು ಬೇಸರವಿಲ್ಲದೆ ಯಾಕೆ ಅಷ್ಟು ಸಲ ಹೇಳುತ್ತಿದ್ದರು ಎಂದು ಆಗ ತಿಳಿಯಿತು. ನಮ್ಮಲ್ಲಿ ಹರಿಹರ, ಹೊನ್ನಾಳಿ ಕಡೆಯಿಂದ ಬರುವ ಎಷ್ಟೋ ಜನರ ಮನೆ ಹೊಳೆಯ ಹತ್ತಿರವೇ ಇದೆ. ಅವರಲ್ಲಿ ಈಜು ಬಾರದವರೇ ಹೆಚ್ಚು. ತೆಪ್ಪ ಕಲಿಯದಿದ್ದರೂ ಪರವಾಗಿಲ್ಲ, ದೊಡ್ಡವರೊಬ್ಬರ ಜೊತೆ ಇಳಿದು ಈಜು ಕಲಿಯಿರಿ.

ಘಟ್ಟ ಹತ್ತಿದಾಗ ಅಜ್ಜ ನನ್ನ ತೆಪ್ಪ ಎಳೆದು ಮಗುಚಿ ಹಾಕಿದರು, ಏನೂ ಹೇಳಲಿಲ್ಲ. ಅಮ್ಮಿ ಕಣ್ಣೊರೆಸಿಕೊಂಡು ಜಾಕೆಟ್ಟಿನ ಪಟ್ಟಿ ಬಿಚ್ಚಲು ನೋಡಿದರು, ಬರಲಿಲ್ಲ. ಆಮೇಲೆ ಉರ್ದುವಿನಲ್ಲಿ ನಾನಾನಿಗೆ ಹೇಳಿದರು: "ಅಬ್ಬಾ, ಇವನಿಗೆ ಇದು ಬಿಗಿ ಆಗ್ತಾ ಇದೆ. ಮುಂದಿನ ವರ್ಷಕ್ಕೆ ದೊಡ್ಡದು ತರಬೇಕು."