ಚಾವಣಿ ಹಾರಿಹೋದ ಕೋಟೆಗಳು

ವಾಯವ್ಯ ವೇಲ್ಸ್‌ನ ಕಡಲಂಚಿನಲ್ಲಿ ಕಾನ್ವಿ, ಕೈರ್ನಾರ್ವನ್, ಹಾರ್ಲೆಕ್, ಬ್ಯೂಮಾರಿಸ್ ಎಂಬ ನಾಲ್ಕು ಕೋಟೆಗಳಿವೆ. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1282-83ರಲ್ಲಿ ಗ್ವಿನೆದ್ ರಾಜ್ಯವನ್ನು ಗೆದ್ದ ಮೇಲೆ, ಸೋತವರು ಮತ್ತೆ ತಲೆಯೆತ್ತದಿರಲೆಂದು ಮೊದಲ ಮೂರನ್ನು ಕಟ್ಟಿಸಿದ. ಅವರು 1294ರಲ್ಲಿ ತಲೆಯೆತ್ತಿಯೇ ಬಿಟ್ಟರು; ನಾಲ್ಕನೆಯದು ಅದಕ್ಕೆ ಸಿಕ್ಕ ಉತ್ತರ. ಕೆಲಸದ ಮೇಲುಸ್ತುವಾರಿ ಹೊತ್ತವನು ಸವಾಯ್ ಸೀಮೆಯಿಂದ ಬಂದ ಜೇಮ್ಸ್ ಆಫ್ ಸೇಂಟ್ ಜಾರ್ಜ್.

ಚಾವಣಿ, ಅಟ್ಟ, ಬಾಗಿಲು ಎಲ್ಲ ಹೋಗಿರುವುದರಿಂದಲೇ ಇಂಥ ಕೋಟೆಯನ್ನು ಓದುವುದು ಸುಲಭ. ಕಾನ್ವಿಯ ಬುರುಜಿನೊಳಗೆ ನಿಂತು ಕತ್ತೆತ್ತಿದರೆ, ಕಾಲಿಡಲು ನೆಲವೇ ಇಲ್ಲದ ಎತ್ತರದಲ್ಲಿ ಅಗ್ಗಿಷ್ಟಿಕೆಯೊಂದು ಗೋಡೆಗಂಟಿಕೊಂಡಿರುತ್ತದೆ. ಅದರ ಕೆಳಗಿನ ಚೌಕ ತೂತುಗಳು ಅಟ್ಟದ ತೊಲೆಗಳು ಕೂತಿದ್ದ ಜಾಗ. ಹೊರಮೈಯಲ್ಲಿ ಇನ್ನೊಂದು ಬಗೆಯ ತೂತುಗಳು ಓರೆಯಾಗಿ ಸುತ್ತಿಕೊಂಡು ಮೇಲೇರುತ್ತವೆ: ಅವು ಸಾರುವೆ ಮರಗಳನ್ನು ಸಿಕ್ಕಿಸಿದ್ದ ಗುರುತು, ಸವಾಯ್ ಕೆಲಸಗಾರರ ಪದ್ಧತಿ. ಊರಗೋಡೆಯ ದಕ್ಷಿಣ ಭಾಗದಲ್ಲಿ ಹನ್ನೆರಡು ಪಾಯಿಖಾನೆಗಳು ಸಾಲಾಗಿ ಹೊರಚಾಚಿವೆ; ಯಾತ್ರಿಕರ ಫೋಟೋಗಳಲ್ಲಿ ಅವಕ್ಕೆ ಜಾಗ ಸಿಗುವುದು ಕಡಿಮೆ. ಇಂದು ಎಲ್ಲರೂ ಮೆಚ್ಚುವ ಬೂದುಬಣ್ಣವೂ ಹಳೆಯದಲ್ಲ. ಕಾನ್ವಿಗೆ ಒಂದು ಕಾಲದಲ್ಲಿ ಸುಣ್ಣ ಬಳಿದಿತ್ತು, ಗೋಡೆಗಳ ಮೇಲೆ ಅಲ್ಲಲ್ಲಿ ಅದರ ಕಲೆ ಉಳಿದಿದೆ.

ನೋಡಲು ಗಿಡ್ಡವಾದರೂ ಲೆಕ್ಕಾಚಾರದಲ್ಲಿ ಎಲ್ಲಕ್ಕಿಂತ ಚೆಂದವಾದದ್ದು ಬ್ಯೂಮಾರಿಸ್. ಸಮತಟ್ಟಾದ ಜವುಗು ನೆಲದಲ್ಲಿ ಗುಡ್ಡಬಂಡೆಗಳ ಅಡ್ಡಿಯಿಲ್ಲದ್ದರಿಂದ ಕೋಟೆಯೊಳಗೊಂದು ಕೋಟೆ, ಸುತ್ತ ಕಂದಕ, ಎಲ್ಲವೂ ಅಳತೆಗೆ ಸರಿಯಾಗಿ ಕೂತವು. 1296ರ ಪತ್ರವೊಂದರಲ್ಲಿ ಜೇಮ್ಸ್ 400 ಕಲ್ಲುಕುಟಿಗರು, 2,000 ಕೂಲಿಗಳು, 200 ಮಂದಿ ಕಲ್ಲುಗಣಿಯವರು ಎಂದು ಲೆಕ್ಕ ಒಪ್ಪಿಸಿ ಹಣ ಕೇಳುತ್ತಾನೆ. ಆ ಹೊತ್ತಿಗೆ ಅರಸನ ಖಜಾನೆ ಸ್ಕಾಟ್ಲೆಂಡಿನ ಯುದ್ಧದತ್ತ ಹರಿಯುತ್ತಿತ್ತು. ಬುರುಜುಗಳು ಉದ್ದೇಶಿಸಿದ ಎತ್ತರ ಮುಟ್ಟಲೇ ಇಲ್ಲ.

ಸೋತವರ ಕೋಟೆಗಳನ್ನು ನೋಡಲು ಒಳನಾಡಿಗೆ ನಡೆಯಬೇಕು. ಲ್ಯಾನ್‌ಬೆರಿಸ್ ಬಳಿಯ ಡೊಲ್‌ಬಾಡಾರ್ನ್‌ನಲ್ಲಿ ಕೆರೆಯಂಚಿನ ದಿಬ್ಬದ ಮೇಲೆ ಒಂದೇ ಒಂದು ದುಂಡು ಬುರುಜು ಉಳಿದಿದೆ. ಗೆದ್ದ ಎಡ್ವರ್ಡ್‌ನ ಕಡೆಯವರು ಇದರ ಮರಮುಟ್ಟನ್ನು ಕಿತ್ತು ಕೈರ್ನಾರ್ವನ್‌ಗೆ ಸಾಗಿಸಿದರು. ಚಿತ್ರಕಾರ ಟರ್ನರ್ 1800ರಲ್ಲಿ ಪ್ರದರ್ಶಿಸಿದ ಚಿತ್ರದಲ್ಲಿ ಈ ಬುರುಜು ಇದ್ದುದಕ್ಕಿಂತ ಭಯಂಕರವಾಗಿದೆ.

ಕೋಟೆಗಳು ಮಳೆಗಾಳಿಗೆ ಸಿಕ್ಕಿ ತಾವಾಗಿಯೇ ಬಿದ್ದವೆಂದು ಭಾವಿಸಬಾರದು. ಎಷ್ಟನ್ನೋ ಕೂಲಿ ಕೊಟ್ಟು ಕೆಡವಿಸಲಾಯಿತು. ದಕ್ಷಿಣ ವೇಲ್ಸ್‌ನ ಸುಣ್ಣಕಲ್ಲಿನ ಕೋಡುಗಲ್ಲ ಮೇಲಿರುವ ಕ್ಯಾರೆಗ್ ಕೆನನ್ ಕೋಟೆಯನ್ನು 1462ರಲ್ಲಿ ಸುಮಾರು 500 ಮಂದಿ ಹಾರೆ ಪಿಕಾಸಿ ಹಿಡಿದು ಒಡೆದರು. ಇಂದು ಅಲ್ಲಿಗೆ ಹೋಗುವ ದಾರಿ ಕುರಿ ಮೇಯುವ ಹೊಲಗಳ ನಡುವಿನದು. ಪ್ರಪಾತದಂಚಿನ ಕಮಾನು ದಾರಿಯೊಂದು ಬಂಡೆಯೊಳಗಿನ ಗುಹೆಗೆ ಇಳಿಯುತ್ತದೆ. ಟಾರ್ಚ್ ಇಲ್ಲದೆ ಇಳಿಯುವಂತಿಲ್ಲ. 1960ರ ದಶಕದಲ್ಲಿ ಜಮೀನಿನ ಕ್ರಯಪತ್ರದಲ್ಲಾದ ಎಡವಟ್ಟಿನಿಂದ ಇಡೀ ಕೋಟೆ ಒಂದು ರೈತ ಕುಟುಂಬದ ಪಾಲಾಯಿತು. ಪಾಳು ಕೋಟೆಗೆ ಅದಕ್ಕಿಂತ ಒಳ್ಳೆಯ ಒಡೆಯರು ಸಿಗುವುದು ಕಷ್ಟ.

ಪಾಳುಬೀಳದೆ ಜನವಾಸ ಉಳಿಸಿಕೊಂಡವುಗಳಲ್ಲಿ ಗಡಿನಾಡಿನ ಪೋಯಿಸ್ ಒಂದು. ಹೆಬ್ಬಾಗಿಲು, ಕೈತೋಟ, ನೆಲಹಾಸು ಎಲ್ಲವೂ ಮುಕ್ಕಾಗದೆ ಇರುವುದರಿಂದ ಗೋಡೆ ಓದುವ ಖುಷಿ ಇಲ್ಲಿ ಕಡಿಮೆ. ಕನ್ನಡ ನಾಡಿನವರು ಮಾತ್ರ ಇದನ್ನು ಬಿಟ್ಟು ಹೋಗುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್. ಅವನ ಹೆಂಡತಿ ಹೆನ್ರಿಯೆಟ್ಟಾ ಪೋಯಿಸ್ ಮನೆತನದವಳು; ಮರುವರ್ಷ ಅವಳು ಶ್ರೀರಂಗಪಟ್ಟಣಕ್ಕೂ ಹೋಗಿಬಂದಳು. ಟಿಪ್ಪುವಿನ ಹೂಬಳ್ಳಿ ಅಚ್ಚಿನ ಡೇರೆ ಮತ್ತು ಅವನ ಸಿಂಹಾಸನದ ರತ್ನಖಚಿತ ಹುಲಿದಲೆಗಳಲ್ಲೊಂದು ಈ ಕೋಟೆಯ ಸಂಗ್ರಹದಲ್ಲಿವೆ.