ಮೇಲೇರುವ ಕಾವೇರಿ

ಮದ್ದೂರು ತಾಲ್ಲೂಕಿನ ಆತಗೂರಿನಲ್ಲೂ, ಮಂಡ್ಯ ಸೀಮೆಯ ಉಳಿದ ಊರುಗಳಂತೆ, ನೀರಿನ ಮಾತೆಂದರೆ ಕಾವೇರಿಯ ಮಾತೇ. ಆ ಕಾವೇರಿ ಮೇಲೇರುವುದನ್ನು ನೋಡಬೇಕೆಂದರೆ ಪಕ್ಕದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಹೋಗಬೇಕು. ಹೊಳೆಯ ನೀರು ಅಲ್ಲಿ ತಿಳಿಯಾಗಿ, ಸೋಸಿ, ಕ್ಲೋರಿನ್ ಬೆರೆತು, ಪಂಪುಗಳ ಬಲದಿಂದ ಸುಮಾರು 500 ಮೀಟರ್ ಎತ್ತರ ಹತ್ತಿ ಬೆಂಗಳೂರು ಸೇರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್.

ನಗರ ಬಳಸಿ ಬಿಟ್ಟ ನೀರು? ಒಂದು ಪಾಲು ವೃಷಭಾವತಿ, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಗೇ ಬರುತ್ತದೆ. ಇನ್ನೊಂದು ಪಾಲು ಎರಡು ಹಂತ ಶುದ್ಧವಾಗಿ 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿದಿದೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂಬುದು ಅಲ್ಲಿನವರ ಒತ್ತಾಯ.

ಮಳೆ ಕೈಕೊಟ್ಟ ವರ್ಷ ಒಣ ನಾಲೆ ನೋಡುವ ಮಂಡ್ಯದ ರೈತನಿಗೂ ಇದರಲ್ಲಿ ಲೆಕ್ಕವಿದೆ: ಮೇಲೇರಿದ ನೀರು ಎರಡು ಸಲ ದುಡಿದಷ್ಟೂ ಹೊಳೆಗೆ ಹೊರೆ ಕಡಿಮೆ.