ಕಾವಲಿಯಿಂದ ಉಡುಪಿಗೆ: ನೆಲದಾಳದ ಗೆರೆ ಹಿಡಿದು

ಬಂಗಾಳ ಕೊಲ್ಲಿಯ ದಡದ ಕಾವಲಿಯಿಂದ ಅರಬ್ಬಿ ಕಡಲಿನ ಉಡುಪಿಗೆ ನಕಾಶೆಯಲ್ಲಿ ಗೆರೆ ಎಳೆದರೆ ಸುಮಾರು 600 ಕಿಲೋಮೀಟರ್. 1970ರ ದಶಕದ ಮೊದಲ ಭಾಗದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೋವಿಯತ್ ಸಹಕಾರದಲ್ಲಿ ಈ ಗೆರೆಯುದ್ದಕ್ಕೂ ಸ್ಫೋಟಕ ಸಿಡಿಸಿ, ಆಳದಿಂದ ಮರಳಿ ಬಂದ ಕಂಪನವನ್ನು ದಾಖಲಿಸಿದರು. ನಮ್ಮ ದೇಶದಲ್ಲಿ ಭೂಕವಚದ ತಳದವರೆಗೆ ಇಣುಕಿದ ಮೊದಲ ಸಮೀಕ್ಷೆ ಅದು. ಕೆ. ಎಲ್. ಕೈಲಾ ಮತ್ತು ಸಂಗಡಿಗರು ಅದರ ಫಲಿತಾಂಶವನ್ನು 1979ರಲ್ಲಿ ಪ್ರಕಟಿಸಿದರು. ಆ ಗೆರೆಗೆ ಆದಷ್ಟು ಹತ್ತಿರದ ರಸ್ತೆ ಹಿಡಿದು ಕಡಲಿನಿಂದ ಕಡಲಿಗೆ ಹೋಗಬೇಕೆಂಬುದು ನನ್ನ ಬಹುದಿನದ ಆಸೆ. ಭೂಭೌತ ವಿಜ್ಞಾನ ಓದಿಕೊಂಡ ಗೆಳೆಯರೊಬ್ಬರು ಜತೆಯಾದರು.

ಕಾವಲಿಯ ಗದ್ದೆಗಳನ್ನು ದಾಟಿದರೆ ಉದಯಗಿರಿ. 1514ರಲ್ಲಿ ಕೃಷ್ಣದೇವರಾಯ ಗಜಪತಿಗಳಿಂದ ಗೆದ್ದ ದುರ್ಗವಿದು. ಅಲ್ಲಿಂದ ಬದ್ವೇಲು, ಪ್ರೊದ್ದುಟೂರು, ಪುಲಿವೆಂದುಲ. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಸುವ ಕಡಪ ಕಲ್ಲು ಬರುವುದು ಈ ಸೀಮೆಯಿಂದಲೇ. ರಸ್ತೆಬದಿಯಲ್ಲಿ ಕಪ್ಪು ಚಪ್ಪಡಿಗಳ ರಾಶಿ, ಕೊಯ್ಯುವ ಯಂತ್ರದ ಸದ್ದು. ಬಹು ಹಿಂದೆ ನೀರಿನಡಿ ಕೂಡಿದ ಈ ಕಲ್ಲಿನ ಪದರಗಳು ಕಿಲೋಮೀಟರ್‌ಗಟ್ಟಲೆ ದಪ್ಪ ಇವೆ ಎಂಬುದನ್ನು ಆಳ ಅಳೆದು ತೋರಿಸಿದ್ದು ಕಂಪನದ ಅಲೆಗಳೇ.

ಗಡಿ ದಾಟಿ ಹಿರಿಯೂರು ಸೀಮೆಗೆ ಬಂದಾಗ ಬಿಸಿಲು ಏರಿತ್ತು. ಹೊಲವೊಂದರ ಬದುವಿನ ಮೇಲೆ ಗೆಳೆಯರು ತಮ್ಮ ಚೀಲದಿಂದ ಹಳೆಯ ಜಿಯೋಫೋನ್ ತೆಗೆದರು. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು, ಅಡಿಯಲ್ಲಿ ಚೂಪಾದ ಮೊಳೆ. ಒಳಗೆ ಒಂದು ಆಯಸ್ಕಾಂತ, ಸ್ಪ್ರಿಂಗಿಗೆ ತೂಗುಹಾಕಿದ ತಂತಿಯ ಸುರುಳಿ. ನೆಲ ಅಲುಗಿದರೆ ಆಯಸ್ಕಾಂತ ಅಲುಗುತ್ತದೆ, ಸುರುಳಿ ಹಿಂದುಳಿಯುತ್ತದೆ, ತಂತಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೊಳೆಯನ್ನು ಮಣ್ಣಿಗೆ ಒತ್ತಿ ಲ್ಯಾಪ್‌ಟಾಪಿಗೆ ಜೋಡಿಸಿದರು. ಹೊಲದ ಯಜಮಾನರು ಹತ್ತಿರ ಬಂದ ಒಂದೊಂದು ಹೆಜ್ಜೆಗೂ ಪರದೆಯ ಮೇಲೆ ಗೆರೆ ನಡುಗಿತು.

"ಇದು ನೀರು ತೋರಿಸ್ತದಾ ಸಾರ್?" ಎಂದು ಕೇಳಿದರು.

"ಮಣ್ಣು ಎಲ್ಲಿ ಮುಗಿದು ಗಟ್ಟಿ ಬಂಡೆ ಎಲ್ಲಿ ಶುರುವಾಗ್ತದೆ ಅಂತ ತೋರಿಸ್ತದೆ ಯಜಮಾನರೇ. ನೀವು ಎಷ್ಟಡಿ ಕೊರೆಸಿದ್ದೀರಿ?"

"ಒಂಬೈನೂರು. ಬರೀ ಧೂಳು ಬಂತು."

ಆ ಮಾತಿನ ಭಾರ ನಮ್ಮೊಡನೆ ದೂರದವರೆಗೆ ಬಂತು. ನೆಲದೊಳಗೆ ಏನಿದೆ ಎಂದು ತಿಳಿಯದೆ ಕೊರೆಯುವುದು ಎಷ್ಟು ದುಬಾರಿ ಎಂಬುದನ್ನು ಚಿತ್ರದುರ್ಗದ ರೈತನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಚಿತ್ರದುರ್ಗದ ಕಡೆಗೆ ಮುಂದುವರಿದು ಮರಡಿಹಳ್ಳಿಯಲ್ಲಿ ಇಳಿದೆವು. ಇಲ್ಲಿನ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷಗಳ ಹಿಂದೆ ಲಾವಾ ನೀರಿನಡಿ ಉಕ್ಕಿ, ಹೊರಮೈ ತಟ್ಟನೆ ತಣಿದು, ಒಂದರ ಮೇಲೊಂದು ಉಬ್ಬುಗಳಾಗಿ ಕೂತಿದೆ. ಕಪ್ಪು ಹಸಿರು ಬಣ್ಣದ ಆ ಉಬ್ಬುಗಳ ಮೇಲೆ ಕೈಯಾಡಿಸಿದರೆ ಬಯಲುಸೀಮೆಯ ಮಧ್ಯೆ ಸಮುದ್ರತಳವನ್ನು ಮುಟ್ಟಿದಂತೆ. ಈ ಲಾವಾ ಸೇರಿದ ಚಿತ್ರದುರ್ಗದ ಶಿಲಾಪಟ್ಟಿಯ ಪದರಗಳು ಬಹುಪಾಲು ಕಡಿದಾಗಿ ನಿಂತಿವೆ. ಸಮೀಕ್ಷೆ ಮಾಡುವವರಿಗೆ ಕಷ್ಟ ಕೊಡುವುದು ಅದೇ.

ಕಾರಣವನ್ನು ಗೆಳೆಯರು ಬಂಡೆಯ ನೆರಳಲ್ಲಿ ಕೂತು ವಿವರಿಸಿದರು. ಗ್ರಾನೈಟಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಭೂಕವಚ ಮುಗಿದು ಮ್ಯಾಂಟಲ್ ಶುರುವಾಗುವ ಗಡಿಯನ್ನು 1909ರಲ್ಲಿ ಗುರುತಿಸಿದವನು ಆಂಡ್ರಿಯಾ ಮೊಹೊರೊವಿಚಿಚ್. ಅದಕ್ಕೇ ಅದು 'ಮೋಹೊ'. ಸುಮಾರು 40 ಕಿಲೋಮೀಟರ್ ಆಳದ ಆ ಗಡಿಗೆ ಹೋಗಿ ಮರಳಲು ಅಲೆಗೆ ಬೇಕಾಗುವುದು 12-13 ಸೆಕೆಂಡು. ಮರಳಿ ಬರುವ ಸದ್ದು ತೀರ ಕ್ಷೀಣ. ಅದಕ್ಕಾಗಿ ಒಂದೇ ಬಿಂದುವನ್ನು ಹಲವು ಸ್ಫೋಟಗಳಿಂದ ನೋಡಿ, ದಾಖಲೆಗಳನ್ನು ಹೊಂದಿಸಿ ಕೂಡಿಸುತ್ತಾರೆ. ಇದು ಸ್ಟ್ಯಾಕಿಂಗ್. ಗದ್ದಲ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ, ಪ್ರತಿಧ್ವನಿ ಬಲಗೊಳ್ಳುತ್ತದೆ. ಆದರೂ ಓರೆಯಾದ ಪದರ ಚಿತ್ರದಲ್ಲಿ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಇಳಿಜಾರಿನ ಕಡೆಗೆ ಸರಿದು, ಓರೆ ಕಡಿಮೆಯಾಗಿ ಕಾಣುತ್ತದೆ. ಅಲೆ ಬಂದ ದಾರಿಯನ್ನು ಲೆಕ್ಕದಲ್ಲಿ ಹಿಮ್ಮುಖವಾಗಿ ನಡೆಸಿ ಪದರವನ್ನು ಅದರ ನಿಜ ಸ್ಥಾನಕ್ಕೆ ತರುವ ಕ್ರಮವೇ ಮೈಗ್ರೇಶನ್. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಕ್ಲೇರ್‌ಬೌಟ್ ಅದನ್ನು ಅಲೆಯ ಸಮೀಕರಣದ ಮೇಲೆ ಕಟ್ಟಿದರು. ಅಂದು ಅದಕ್ಕೆ ದೊಡ್ಡ ಕಂಪ್ಯೂಟರ್ ಬೇಕಿತ್ತು; ಇಂದು ಚಿಕ್ಕ ಸಮೀಕ್ಷೆಗಾದರೆ ಲ್ಯಾಪ್‌ಟಾಪ್ ಸಾಕು.

ಕಾವಲಿ-ಉಡುಪಿ ದಾಖಲೆಗಳು ಅನಲಾಗ್ ಕಾಲದವು. ಮುಂದೆ ಅದೇ ಸಂಸ್ಥೆಯವರು ಅವನ್ನು ಮತ್ತೆ ಕೈಗೆತ್ತಿಕೊಂಡು, ಅಲೆಗಳ ದಾರಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ, ವೇಗದ ಹೊಸ ನಕ್ಷೆಗಳನ್ನು ತಯಾರಿಸಿದರು. ಹೊಸ ಸ್ಫೋಟವಿಲ್ಲದೆ ಹಳೆಯ ಕಂಪನವೇ ಹೊಸ ಸಂಗತಿ ಹೇಳಿತು. ಆಮೇಲೆ ಪೇರೂರಿನಿಂದ ಚಿಕ್ಕಮಗಳೂರಿಗೆ ಸುಮಾರು 200 ಕಿಲೋಮೀಟರಿನ ಮತ್ತೊಂದು ಗೆರೆ ಹಿಡಿದರು. 2018ರಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಭೂಕವಚದೊಳಗೆ ಓರೆಯಾಗಿ ಇಳಿಯುವ ಪ್ರತಿಫಲನಗಳಿವೆ. 250 ಕೋಟಿ ವರ್ಷಕ್ಕೂ ಹಿಂದೆ ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರಿದ ಕುರುಹು ಅದೆಂದು ವಿಜ್ಞಾನಿಗಳ ಅಭಿಪ್ರಾಯ. ಫಲಕಗಳು ಹಾಗೆ ಬೆಸೆದುಕೊಂಡ ಕಡೆಯ ಬಿರುಕುಗಳೇ ಖನಿಜ ಹೊತ್ತ ಬಿಸಿದ್ರವಗಳಿಗೆ ದಾರಿ. ಇಂಗಳದಾಳಿನ ತಾಮ್ರದ ಗಣಿ ಚಿತ್ರದುರ್ಗದ ಆ ಶಿಲಾಪಟ್ಟಿಯಲ್ಲೇ ಇದೆ.

ಹೊಸದುರ್ಗ, ತರೀಕೆರೆ, ಕೊಪ್ಪ ದಾಟಿ ಆಗುಂಬೆ ಘಾಟಿ ಇಳಿದೆವು. ಮಲೆನಾಡಿನ ಕಾಡಿನಲ್ಲಿ ಇಂದು ಸ್ಫೋಟ ಸಲ್ಲದು, ಅಗತ್ಯವೂ ಕಡಿಮೆ. ಅದೇಕೆಂದು ತೋರಿಸಲು ಉಡುಪಿ ಪಕ್ಕದ ಮಲ್ಪೆಯ ದಡದಲ್ಲಿ ಗೆಳೆಯರು ಜಿಯೋಫೋನ್ ಊರಿದರು. ಕಡಲು ನೆಲವನ್ನು ಸದಾ ನಡುಗಿಸುತ್ತಲೇ ಇರುತ್ತದೆ. ಹಿಂದಿನವರು ಗದ್ದಲವೆಂದು ಬದಿಗಿಟ್ಟ ಈ ನಡುಕವನ್ನು ಎರಡು ಠಾಣೆಗಳ ನಡುವೆ ಹೋಲಿಸಿ ನೆಲದೊಳಗಿನ ಚಿತ್ರ ತೆಗೆಯಬಹುದೆಂದು 2005ರಲ್ಲಿ ಕ್ಯಾಲಿಫೋರ್ನಿಯಾದ ದಾಖಲೆಗಳಿಂದ ಸಾಬೀತಾಯಿತು.

ಒಂದು ಕಾಲದ ಗದ್ದಲ ಇನ್ನೊಂದು ಕಾಲದ ಮಾಹಿತಿ. ಆದ್ದರಿಂದ ನನ್ನ ವಿನಂತಿ ಇಷ್ಟು: ಸಮೀಕ್ಷೆ ನಡೆಸುವ ಸಂಸ್ಥೆಗಳು ಹಳೆಯ ಟೇಪು, ಕಾಗದದ ಸುರುಳಿ, ಕ್ಷೇತ್ರದ ನೋಟ್‌ಬುಕ್ಕುಗಳನ್ನು ಗುಜರಿಗೆ ಹಾಕದೆ ಡಿಜಿಟಲ್ ಮಾಡಿ, ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಇಡಲಿ. ನೆಲದ ದನಿಯನ್ನು ದಾಖಲಿಸಲು ತಗಲಿದ ಶ್ರಮ ದೊಡ್ಡದು. ಅದರ ಪೂರ್ತಿ ಅರ್ಥ ಮುಂದಿನ ತಲೆಮಾರಿಗೆ ದಕ್ಕಬೇಕು.